ಮೊದಲು ಹೋಗಿ ಸಮಾಧಾನ ಮಾಡಿಕೋ

ಕ್ರೈಸ್ತರ ಮನೆಯಲ್ಲಿ ಹುಟ್ಟಿದವರಿಗೆ ವಿಶ್ವಾಸ ಅನ್ನೋದು ಬೇಗ ರೂಢಿಯಾಗಿಬಿಡುತ್ತದೆ. ಭಾನುವಾರ ಪೂಜೆ, ಸಂಜೆ ಜಪಸರ, ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ಶುಕ್ರವಾರ ಮಾಂಸ ಬಿಡೋದು. ನಾನೂ ಹಾಗೇ ಬೆಳೆದೆ. 1988ರಲ್ಲಿ ಶಿವಮೊಗ್ಗ ತನ್ನದೇ ಬಿಷಪರಿರುವ ಪ್ರತ್ಯೇಕ ಧರ್ಮಕ್ಷೇತ್ರ ಆದಮೇಲೆ ನಮ್ಮ ಮನೆಯಲ್ಲಿ ದೊಡ್ಡವರು ಸೇರಿದರೆ ಚರ್ಚಿನದೇ ಮಾತು. ಆದರೆ ನಂಬಿದ್ದನ್ನು ಬದುಕುವುದು ಹೇಗೆ ಅಂತ ನಾನು ಕಣ್ಣಾರೆ ಕಂಡಿದ್ದು ನಮ್ಮ ಗಣಿತದ ಟೀಚರಲ್ಲಿ. ಶಾಲೆಯ ಪತ್ರಿಕೆಗೆ ಬರೆದುಕೊಡಿ ಎಂದಾಗ ಮೊದಲು ನೆನಪಾದವರೂ ಅವರೇ. ಹೆಸರು ಹಾಕಿದರೆ ಅವರಿಗೆ ಇಷ್ಟ ಆಗೋದಿಲ್ಲ. ನನ್ನ ಬ್ಯಾಚಿನವರಿಗೆ ಹೇಗೂ ಗೊತ್ತಾಗುತ್ತದೆ.

ನಾವು ಎಂಟನೇ ಕ್ಲಾಸಿನಲ್ಲಿದ್ದಾಗ ಡಿಸೆಂಬರಿನಲ್ಲಿ ಜೋಗಕ್ಕೆ ಪ್ರವಾಸ ಅಂತ ದುಡ್ಡು ಕೂಡಿಸಿದ್ದರು. ಟೀಚರ್ ಅದನ್ನು ಒಂದು ಕವರಿಗೆ ಹಾಕಿ ಮೇಜಿನ ಮೇಲೆ ಹಾಜರಿ ಪುಸ್ತಕದ ಕೆಳಗೆ ಇಟ್ಟಿದ್ದರು. ಆಟದ ಪೀರಿಯಡ್ ಮುಗಿಸಿ ಬಂದರೆ ಕವರ್ ಇಲ್ಲ. ಅವತ್ತು ಜ್ವರ ಅಂತ ಕ್ಲಾಸಿನಲ್ಲೇ ಉಳಿದಿದ್ದವನು ಒಬ್ಬನೇ. ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ, ರಿಪ್ಪನ್‌ಪೇಟೆ ಕಡೆಯ ಹುಡುಗ. ಟೀಚರ್ ಎಲ್ಲರೆದುರೇ ಅವನನ್ನು ನಿಲ್ಲಿಸಿ ಕೇಳಿದರು, ಬ್ಯಾಗ್ ಸುರಿಸಿ ನೋಡಿದರು. ಏನೂ ಸಿಗಲಿಲ್ಲ. ಆದರೂ "ನಿಜ ಹೇಳಿದ್ರೆ ಒಳ್ಳೇದು" ಅಂದರು. ಅವನು ತಲೆ ಎತ್ತಲಿಲ್ಲ. ಆಮೇಲೆ ಅವನ ಪಕ್ಕ ಕೂರೋಕೂ ಕೆಲವರು ಹಿಂದೆಮುಂದೆ ನೋಡಿದರು.

ಶನಿವಾರ ಟೆಸ್ಟ್ ಪೇಪರುಗಳ ಕಟ್ಟು ಬಿಚ್ಚಿದಾಗ ಆ ಕವರ್ ಅದರೊಳಗೇ ಇತ್ತು. ಮೇಜು ಖಾಲಿ ಮಾಡುವಾಗ ಟೀಚರೇ ಸೇರಿಸಿ ಕಟ್ಟಿಬಿಟ್ಟಿದ್ದರು. ಹುಡುಗ ಅಷ್ಟರಲ್ಲಿ ಊರಿನ ಬಸ್ಸು ಹತ್ತಿ ಹೋಗಿದ್ದ.

ಮರುದಿನ ಭಾನುವಾರ. ಪೂಜೆಯಲ್ಲಿ ಗುರುಗಳು ಕೊಡುವ ಪವಿತ್ರ ರೊಟ್ಟಿಗೆ, ಅಂದರೆ ಪರಮಪ್ರಸಾದಕ್ಕೆ, ಎಲ್ಲರೂ ಸಾಲು ನಿಂತರೂ ಟೀಚರ್ ಮಾತ್ರ ಬೆಂಚು ಬಿಟ್ಟು ಏಳಲಿಲ್ಲ. ಒಂದು ಪೂಜೆಯನ್ನೂ ತಪ್ಪಿಸದವರು, ನಮಗೆ ಧರ್ಮೋಪದೇಶ ಹೇಳಿಕೊಡುವವರು. ನಮ್ಮಮ್ಮ ನನ್ನ ಕಡೆ ನೋಡಿದರು. ಕಾರಣ ನನಗೂ ಗೊತ್ತಿರಲಿಲ್ಲ.

ಸೋಮವಾರ ಮೊದಲ ಪೀರಿಯಡ್‌ನಲ್ಲಿ ಗೊತ್ತಾಯಿತು. ಟೀಚರ್ ಹುಡುಗನನ್ನು ಮುಂದೆ ಕರೆದರು. "ದುಡ್ಡು ನನ್ನ ಹತ್ರಾನೇ ಇತ್ತು. ನಿನ್ನ ಮೇಲೆ ಸುಳ್ಳು ಹೊರಿಸಿದೆ. ಎಲ್ಲರ ಮುಂದೆ ಅವಮಾನ ಮಾಡಿದೆ, ಅದಕ್ಕೆ ಎಲ್ಲರ ಮುಂದೆನೇ ಕೇಳ್ತಿದೀನಿ, ನನ್ನನ್ನ ಕ್ಷಮಿಸು" ಎಂದರು. ಅವನು ನಾಚಿಕೊಂಡು "ಇರ್ಲಿ ಬಿಡಿ ಟೀಚರ್" ಅಂದ. ಅವರು ಬಿಡಲಿಲ್ಲ. "ಹಾಗನ್ನೋದು ನಿನ್ನ ದೊಡ್ಡತನ. ಮನೇಲೂ ಹೇಳಿರ್ತೀಯಲ್ಲ? ಅಲ್ಲಿಗೂ ನಾನು ಬರಬೇಕು."

ಮುಂದಿನ ಶನಿವಾರ ಅವನ ಜೊತೆಗೇ ಬಸ್ಸಿನಲ್ಲಿ ಹೋದರು. ಅಲ್ಲಿ ನಡೆದಿದ್ದನ್ನು ಅವನೇ ನನಗೆ ಹೇಳಿದ್ದು. ಅಡಿಕೆ ಸುಗ್ಗಿಯ ಕಾಲ. ಅವನ ಅಪ್ಪ ಇನ್ನೊಬ್ಬರ ಮನೆಯ ಅಂಗಳದಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಹಸಿ ಅಡಿಕೆ ಸುಲಿಯುತ್ತಿದ್ದರು. ಬೆರಳುಗಳೆಲ್ಲ ಕಪ್ಪು. ಟೀಚರ್ ಬಂದಿದ್ದು ನೋಡಿ ಮಗ ಏನೋ ಮಾಡಿದ ಅಂತಲೇ ಎದ್ದು ನಿಂತರಂತೆ. ಟೀಚರ್ ಕೈಮುಗಿದು, "ನಿಮ್ಮ ಮಗ ಕಳ್ಳ ಅಲ್ಲ. ತಪ್ಪು ನನ್ನದು" ಎಂದರಂತೆ. ಸುತ್ತ ಸುಲಿಯುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. ಕೂಲಿ ಮಾಡುವ ಮನುಷ್ಯನ ಹತ್ತಿರ ಸಂಬಳದ ಮನುಷ್ಯರು ಬಂದು ಕ್ಷಮೆ ಕೇಳಿದ್ದನ್ನು ಅವರು ಯಾರೂ ನೋಡಿರಲಿಲ್ಲ. ಹುಡುಗನ ಮನೆಯವರು ಊರದೇವತೆ ಚೌಡಿಗೆ ನಡೆದುಕೊಳ್ಳುತ್ತಾರೆ. ಟೀಚರ್ ಅಲ್ಲಿ ಕಾಫಿ ಕುಡಿದು ಬಂದರು, ಧರ್ಮದ ಮಾತು ಒಂದೂ ಆಡಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಒಳ್ಳೆಯದು ಮಾಡಿ ಅದಕ್ಕೆ ಬದಲು ಏನಾದರೂ ಬಯಸಿದರೆ ಅದು ವ್ಯಾಪಾರವಾಗುತ್ತದೆ. ಮುಂದಿನ ವರ್ಷ ಭೂಮಿ ಹುಣ್ಣಿಮೆಗೆ ಅವರ ಮನೆಯಿಂದ ಟೀಚರಿಗೆ ಕಡುಬು ಬಂತು. ನಮಗೂ ಹಂಚಿದರು.

ಪರಮಪ್ರಸಾದಕ್ಕೆ ಯಾಕೆ ಬರಲಿಲ್ಲ ಅಂತ ಧರ್ಮೋಪದೇಶದ ಕ್ಲಾಸಿನಲ್ಲಿ ನಾನೇ ಕೇಳಿದೆ. ಬೈಬಲಿನಲ್ಲಿ ಮತ್ತಾಯನ ಶುಭಸಂದೇಶದ 5ನೇ ಅಧ್ಯಾಯ ತೆಗೆಯಿರಿ ಎಂದರು. ಬಲಿಪೀಠಕ್ಕೆ ಕಾಣಿಕೆ ತಂದಾಗ, ನಿನ್ನ ಸಹೋದರನಿಗೆ ನಿನ್ನ ಮೇಲೆ ಮನಸ್ತಾಪ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಅವನ ಜೊತೆ ಸಮಾಧಾನ ಮಾಡಿಕೋ ಅಂತ ಯೇಸು ಹೇಳುವ ಭಾಗ. "ನೋಡಿ, ನಿನಗೆ ಅವನ ಮೇಲೆ ಕೋಪ ಇದ್ದರೆ ಅಂತ ಹೇಳ್ತಿಲ್ಲ. ಅವನಿಗೆ ನಿನ್ನ ಮೇಲೆ ಇದ್ದರೆ ಅಂತ. ಗುರುಗಳ ಹತ್ರ ಪಾಪನಿವೇದನೆ ಮಾಡಬಹುದು, ಮಾಡಲೂಬೇಕು. ಆ ಮಗುವಿನ ಮುಂದೆ ನಿಲ್ಲೋದು ಅದಕ್ಕಿಂತ ಕಷ್ಟ. ಅದನ್ನು ತಪ್ಪಿಸಿಕೊಳ್ಳೋಕೆ ಪೂಜೆಯನ್ನ ಬಳಸಬಾರದು."

ಅವರು ಹೀಗೆ ನಡೆದುಕೊಂಡಿದ್ದು ಇದೊಂದೇ ಸಲ ಅಲ್ಲ. ಶಾಲೆಯ ಆಯಾ ಒಬ್ಬರ ತಂಗಿಗೆ ಮಂಗನ ಕಾಯಿಲೆ ಬಂದಿತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ, ಮಲೆನಾಡಿನವರಿಗೆ ಇಂದಿಗೂ ಭಯ. ಕಾಡಿಗೆ ತರಗೆಲೆಗೆ ಹೋದವರಿಗೆ ಉಣುಗು ಕಚ್ಚಿ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡೋದಿಲ್ಲ. ಆದರೂ ನೆಂಟರು ಆ ಮನೆಗೆ ಕಾಲಿಡುತ್ತಿರಲಿಲ್ಲ. ಟೀಚರ್ ಗಂಜಿ ತೆಗೆದುಕೊಂಡು ಹೋಗಿ ಪಕ್ಕದಲ್ಲೇ ಕೂತು ಕುಡಿಸಿ ಬರುತ್ತಿದ್ದರು.

ನಾನೀಗ ಇದೇ ಊರಿನಲ್ಲಿ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆಯಲ್ಲಿ ದರ್ಜೆಗಳು. ಒಂದೊಂದಕ್ಕೂ ದರದಲ್ಲಿ ತುಂಬಾ ವ್ಯತ್ಯಾಸ. ಬರೆಯುವ ಕೈ ಒಂದು ಸಾಲು ಆಚೀಚೆ ಆದರೆ ರೈತನ ವರ್ಷದ ದುಡಿಮೆಗೆ ಪೆಟ್ಟು. ಈ ಕೆಲಸಕ್ಕೆ ಬಂದಮೇಲೆ ಜಕ್ಕಾಯನ ಕತೆ ನನಗೆ ಬೇರೆ ಥರ ಕಾಣುತ್ತದೆ. ಲೂಕನ ಶುಭಸಂದೇಶದ 19ನೇ ಅಧ್ಯಾಯ. ಅವನು ಸುಂಕ ವಸೂಲಿಯವರ ಮುಖ್ಯಸ್ಥ. ಮರ ಹತ್ತಿ ಯೇಸುವನ್ನು ನೋಡಿದ್ದಷ್ಟೇ ನಮಗೆ ಚಿಕ್ಕಂದಿನಿಂದ ನೆನಪು, ಅಲ್ವಾ? ಅಲ್ಲಿ ಲೆಕ್ಕವೂ ಇದೆ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡಿದ್ದಕ್ಕೆ ನಾಲ್ಕರಷ್ಟು ವಾಪಸ್. ಯೆಹೂದ್ಯರ ಹಳೆಯ ಧರ್ಮಶಾಸ್ತ್ರದಲ್ಲಿ ಒಂದು ಕುರಿ ಕದ್ದು ಕೊಂದವನಿಗೆ ಅಥವಾ ಮಾರಿದವನಿಗೆ ಹಾಕುತ್ತಿದ್ದ ದಂಡವೇ ನಾಲ್ಕು ಕುರಿ. ಆ ದಂಡವನ್ನು ಅವನು ತಾನಾಗಿ ಹೊತ್ತುಕೊಂಡ. ಅವನು ಇಷ್ಟು ಹೇಳಿದಮೇಲೆ ಯೇಸು, ಇವತ್ತು ಈ ಮನೆಗೆ ರಕ್ಷಣೆ ಬಂತು ಎನ್ನುತ್ತಾರೆ. ಸುಮ್ನೆ ಕಣ್ಣೀರು ಹಾಕಿದ್ದರೆ ಮೋಸ ಹೋದವರಿಗೆ ಏನು ಸಿಗುತ್ತಿತ್ತು?

ಬಿಲ್ಲಿನಲ್ಲಿ ರೈತನಿಗೆ ಕಡಿಮೆ ಹೋಗಿದ್ದು ಕಂಡರೆ ನಾನು ಅವತ್ತೇ ಫೋನ್ ಮಾಡುತ್ತೇನೆ. "ಅವರಿಗೆ ಗೊತ್ತೇ ಆಗ್ತಿರಲಿಲ್ಲ" ಎನ್ನುವ ಹೊಸ ಹುಡುಗರನ್ನು ಕೂರಿಸಿಕೊಂಡು ಜೋಗದ ದುಡ್ಡಿನ ಕತೆ ಹೇಳುತ್ತೇನೆ. ಅವರಲ್ಲಿ ಒಬ್ಬ ಮೊನ್ನೆ ಟೀಚರ್ ಮನೆ ಎಲ್ಲಿ ಅಂತ ಕೇಳಿದ. ಕ್ರಿಸ್‌ಮಸ್ ರಜೆಯಲ್ಲಿ ಕರೆದುಕೊಂಡು ಹೋಗುತ್ತೇನೆ.