ಛೇದವಿಲ್ಲದ ಭಿನ್ನರಾಶಿ

14 ನವೆಂಬರ್ 2024, ಗುರುವಾರ

ತಂಗಿ ಬೆಳಿಗ್ಗೆ ದೇಹದ ಹೊರಗೆ ಭ್ರೂಣ ಬೆಳೆಸಿ ಗರ್ಭಕೋಶದಲ್ಲಿಡುವ ಐವಿಎಫ್ ಚಿಕಿತ್ಸೆಯ ಕೇಂದ್ರವೊಂದರ ಕರಪತ್ರದ ಚಿತ್ರ ಕಳುಹಿಸಿದ್ದಳು. ದಪ್ಪಕ್ಷರಗಳಲ್ಲಿ ‘ಯಶಸ್ಸಿನ ಪ್ರಮಾಣ’, ಪಕ್ಕದಲ್ಲಿ ಕಣ್ಣಿಗೆ ಹೊಡೆಯುವ ಶೇಕಡಾ ಸಂಖ್ಯೆ. “ಅಕ್ಕಾ, ಇದು ಚೆನ್ನಾಗಿದೆಯಲ್ಲವೇ?” ಎಂದು ಕೇಳಿದ್ದಾಳೆ. ಲೆಕ್ಕಪತ್ರಗಳನ್ನು ತಪಾಸಣೆ ಮಾಡುವುದೇ ನನ್ನ ಉದ್ಯೋಗ. ಛೇದ ತೋರಿಸದ ಭಿನ್ನರಾಶಿ ಕಂಡರೆ ಸುಮ್ಮನಿರಲು ಆಗುವುದಿಲ್ಲ. ಯಾವುದರಲ್ಲಿ ಶೇಕಡಾ ಇಷ್ಟು ಎಂಬುದನ್ನು ಆ ಕರಪತ್ರ ಎಲ್ಲಿಯೂ ಹೇಳಿರಲಿಲ್ಲ.

ನೂರು ಮಂದಿ ಚಿಕಿತ್ಸೆ ಆರಂಭಿಸಿದರು ಎಂದುಕೊಳ್ಳೋಣ. ಕೆಲವರ ಅಂಡಾಶಯ ಚುಚ್ಚುಮದ್ದಿಗೆ ಸ್ಪಂದಿಸುವುದೇ ಇಲ್ಲ. ಕೆಲವರಲ್ಲಿ ಅಂಡಾಣು ಸಿಕ್ಕರೂ ಫಲಿತವಾಗುವುದಿಲ್ಲ. ಇನ್ನು ಕೆಲವರ ಭ್ರೂಣ ಪ್ರಯೋಗಾಲಯದಲ್ಲಿ ಐದನೆಯ ದಿನ ಕಾಣುವ ಮೊದಲೇ ಬೆಳವಣಿಗೆ ನಿಲ್ಲಿಸುತ್ತದೆ. ಇವರನ್ನೆಲ್ಲ ಬದಿಗಿಟ್ಟು, ಭ್ರೂಣ ವರ್ಗಾವಣೆಯ ಮೇಜಿನವರೆಗೆ ಬಂದವರನ್ನು ಮಾತ್ರ ಎಣಿಸಿದರೆ ಪ್ರಮಾಣ ತಾನಾಗಿಯೇ ಮೇಲೇರುತ್ತದೆ. ಅಂಶದಲ್ಲಿಯೂ ಇದೇ ಕೈಚಳಕ. ರಕ್ತದಲ್ಲಿ ಬಸಿರಿನ ಸೂಚನೆ ಕೊಡುವ ಹಾರ್ಮೋನ್ ಎಚ್‌ಸಿಜಿ ಕಂಡರೆ ಯಶಸ್ಸೇ? ಸ್ಕ್ಯಾನ್‌ನಲ್ಲಿ ಹೃದಯ ಬಡಿತ ಕಂಡರೆ ಯಶಸ್ಸೇ? ಮಗು ಮಡಿಲಿಗೆ ಬಂದರೆ ಮಾತ್ರ ಯಶಸ್ಸೇ? ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಉಳಿಯುವವರು ಬಸಿರು ಕಳೆದುಕೊಂಡವರು. ಕಳೆದ ವರ್ಷ ತಂಗಿಯ ರಕ್ತಪರೀಕ್ಷೆ ಪಾಸಿಟಿವ್ ಬಂದಿತ್ತು, ಎಂಟನೆಯ ವಾರದ ಸ್ಕ್ಯಾನ್‌ನಲ್ಲಿ ಬಡಿತ ಇರಲಿಲ್ಲ. ಈ ಬಗೆಯ ಲೆಕ್ಕದಲ್ಲಿ ಅವಳೂ ಒಂದು ಯಶಸ್ಸು!

ಆಗ ಬಂಧುಗಳು ಆಡಿದ ಮಾತುಗಳು ಇನ್ನೂ ನನಗೆ ಅರಗಿಲ್ಲ. ಮೆಟ್ಟಿಲು ಹತ್ತಿದಳು, ಭಾರ ಎತ್ತಿದಳು, ಕಚೇರಿಯ ಕೆಲಸ ಬಿಡಲಿಲ್ಲ. ಮೊದಲ ಮೂರು ತಿಂಗಳಲ್ಲಿ ಗರ್ಭ ಇಳಿದುಹೋಗುವುದರಲ್ಲಿ ಸುಮಾರು ಅರ್ಧಕ್ಕೆ ಭ್ರೂಣದ ವರ್ಣತಂತುಗಳ (ಕ್ರೋಮೋಸೋಮ್) ಸಂಖ್ಯೆಯಲ್ಲಿನ ದೋಷವೇ ಕಾರಣ. ಹದಿನಾರನೆಯ ವರ್ಣತಂತು ಎರಡರ ಬದಲು ಮೂರಾಗಿರುವುದು ಇಂತಹ ಭ್ರೂಣಗಳಲ್ಲಿ ಆಗಾಗ ಕಾಣುವ ದೋಷ. ಅದು ಮೆಟ್ಟಿಲು ಹತ್ತಿದ್ದರಿಂದ ಆಗುವಂಥದ್ದಲ್ಲ. ಬಹುಪಾಲು ಅಂಡಾಣು ಪಕ್ವಗೊಳ್ಳುವಾಗಲೇ, ಅಂದರೆ ಗರ್ಭ ಕಟ್ಟುವ ಮುನ್ನವೇ ಆಗಿರುತ್ತದೆ.

ವಯಸ್ಸಿನ ಮಾತು ಬರುವುದೂ ಇಲ್ಲಿಯೇ. ಹೆಣ್ಣಿನ ಅಂಡಾಣುಗಳೆಲ್ಲ ಅವಳು ತಾಯಿಯ ಹೊಟ್ಟೆಯಲ್ಲಿರುವಾಗಲೇ ರೂಪುಗೊಂಡು, ವಿಭಜನೆಯ ನಡುದಾರಿಯಲ್ಲಿ ತಡೆದು ನಿಂತಿರುತ್ತವೆ. ವರ್ಣತಂತುಗಳನ್ನು ಜೋಡಿಯಾಗಿ ಹಿಡಿದಿಡುವ ಪ್ರೋಟೀನ್ ದಶಕಗಳ ಕಾಲ ಕಾಯುತ್ತಾ ಸಡಿಲವಾಗುತ್ತದೆ. ಹಾಗಾಗಿ ಇಪ್ಪತ್ತರ ಹರೆಯದ ಕೊನೆಯಲ್ಲಿ ಸುಮಾರು ಶೇ 10ರಷ್ಟಿರುವ ಗರ್ಭಪಾತದ ಸಂಭವ 40 ದಾಟಿದ ಮೇಲೆ ಮೂರನೆಯ ಒಂದು ಪಾಲನ್ನು ಮೀರುತ್ತದೆ, 45ರ ನಂತರ ಅರ್ಧವನ್ನೂ ಮೀರುತ್ತದೆ. ಕಿರಿಯ ದಾನಿಯ ಅಂಡಾಣು ಪಡೆದವರಲ್ಲಿ ಫಲಿತಾಂಶ ಮುಖ್ಯವಾಗಿ ದಾನಿಯ ವಯಸ್ಸನ್ನೇ ಅನುಸರಿಸುವುದು ಇದಕ್ಕೆ ಸಾಕ್ಷಿ. ಅಂಡಾಶಯದ ಒಂದು ಹಾರ್ಮೋನನ್ನು ರಕ್ತದಲ್ಲಿ ಅಳೆಯುವ ಎಎಂಎಚ್ ಪರೀಕ್ಷೆ ಅಂಡಾಣುಗಳ ಸಂಖ್ಯೆಯ ಅಂದಾಜು ಕೊಡುತ್ತದೆಯೇ ಹೊರತು ಗುಣಮಟ್ಟದ್ದಲ್ಲ. ಆ ವರದಿ ಕೈಯಲ್ಲಿ ಹಿಡಿದು ತಂಗಿ ಒಂದಿಡೀ ರಾತ್ರಿ ಅತ್ತಿದ್ದಳು, ಯಾರಾದರೂ ಇದನ್ನು ಮೊದಲೇ ಹೇಳಬಾರದಿತ್ತೇ? ಮೂವತ್ತರ ಒಳಗಿನವರನ್ನೇ ಹೆಚ್ಚಾಗಿ ಸೇರಿಸಿಕೊಳ್ಳುವ ಕೇಂದ್ರದ ಪ್ರಮಾಣ ಸಹಜವಾಗಿಯೇ ಚೆನ್ನಾಗಿ ಕಾಣುತ್ತದೆ ಎನ್ನುವುದನ್ನೂ ಅವಳಿಗೆ ಬರೆದೆ.

ಸರಿಪಡಿಸಬಹುದಾದ ಕಾರಣಗಳೂ ಇವೆ. ಮತ್ತೆ ಮತ್ತೆ ಗರ್ಭ ನಿಲ್ಲದವರಲ್ಲಿ ಕೆಲವರಿಗೆ ರಕ್ತ ಬೇಗ ಹೆಪ್ಪುಗಟ್ಟುವ ಆಂಟಿಫಾಸ್ಫೊಲಿಪಿಡ್ ಸಿಂಡ್ರೋಮ್ ಇರುತ್ತದೆ. ಅದಕ್ಕೆ ಕಡಿಮೆ ಪ್ರಮಾಣದ ಆಸ್ಪಿರಿನ್ ಮತ್ತು ಹೆಪಾರಿನ್ ಕೊಡುತ್ತಾರೆ. ಹತೋಟಿಯಲ್ಲಿಲ್ಲದ ಮಧುಮೇಹ, ಥೈರಾಯ್ಡ್ ತೊಂದರೆ, ಧೂಮಪಾನ, ದೇಹತೂಕ ಇವೆಲ್ಲ ಫಲಿತಾಂಶವನ್ನು ಬದಲಿಸುತ್ತವೆ. ಅಂಡನಾಳ ಮುಚ್ಚಿಕೊಂಡು ಅದರಲ್ಲಿ ನೀರು ತುಂಬಿದ್ದರೆ ಐವಿಎಫ್ ಯಶಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದಲೇ ಭ್ರೂಣ ಇಡುವ ಮೊದಲು ಆ ನಾಳವನ್ನು ತೆಗೆಯಲು ಅಥವಾ ಕಟ್ಟಲು ಹೇಳುತ್ತಾರೆ. ಮತ್ತೊಂದೆಡೆ, ಭ್ರೂಣ ಇಟ್ಟ ಮೇಲೆ ಹಾಸಿಗೆ ಬಿಟ್ಟೇಳದೆ ಮಲಗುವುದರಿಂದ ಪ್ರಯೋಜನವಿಲ್ಲ. ಗರ್ಭಕೋಶದ ಒಳಪದರವನ್ನು ಮೊದಲೇ ಕೆರೆದರೆ ಭ್ರೂಣ ಅಂಟುತ್ತದೆ ಎಂಬ ನಂಬಿಕೆ 2019ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ನಿಲ್ಲಲಿಲ್ಲ. ಆದರೂ ಬಿಲ್ಲಿನಲ್ಲಿ ಇಂತಹ ‘ಹೆಚ್ಚುವರಿ ಸೇವೆ’ಗಳು ಬಂದು ಕೂರುತ್ತವೆ. ಅದೇ ವರ್ಷದ ಇನ್ನೊಂದು ಪ್ರಯೋಗದ ಪ್ರಕಾರ, ಹಿಂದೆ ಗರ್ಭಪಾತವಾಗಿದ್ದು ಈಗ ಆರಂಭದಲ್ಲಿ ರಕ್ತಸ್ರಾವ ಕಂಡವರಿಗೆ ಪ್ರೊಜೆಸ್ಟರಾನ್ ಹಾರ್ಮೋನ್ ನೆರವಾಗಬಹುದು. ಆದರೆ ಎಲ್ಲರಿಗೂ ಅಲ್ಲ.

ಸಂಜೆ ಫೋನಿನಲ್ಲಿ ಇಷ್ಟನ್ನೂ ಹೇಳಿದಾಗ ತಂಗಿ ಕೇಳಿದ್ದು ಒಂದೇ: “ಹಾಗಾದರೆ ನನ್ನಿಂದ ಆಗಿದ್ದಲ್ಲವೇ?” ಅಲ್ಲ ಎಂದೆ. ಒಮ್ಮೆ ಗರ್ಭಪಾತವಾದವರಲ್ಲಿ ಹೆಚ್ಚಿನವರಿಗೆ ಮುಂದಿನ ಬಸಿರು ನಿಲ್ಲುತ್ತದೆ ಎಂದೂ ಹೇಳಿದೆ. ಅವಳ ಗಂಡನಿಗೆ ಫೋನ್ ಕೊಡು ಎಂದೆ. ವೀರ್ಯಾಣುವಿನ ಡಿಎನ್‌ಎ ಹಾನಿಗೂ ಗರ್ಭಪಾತಕ್ಕೂ ನಂಟಿದೆ, ಆದರೂ ಈವರೆಗಿನ ಪರೀಕ್ಷೆಗಳೆಲ್ಲ ತಂಗಿಯ ಹೆಸರಿನಲ್ಲಿಯೇ ಆಗಿವೆ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು. ಸಿಗರೇಟು ಇಂದು ಬಿಟ್ಟರೆ ಫಲ ಕಾಣುವುದು ಸುಮಾರು ಮೂರು ತಿಂಗಳ ಮೇಲೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, ಸೋಮವಾರದ ಭೇಟಿಗೆ ತಾನೂ ಬರುವುದಾಗಿ ಹೇಳಿದ. ಚಿಕಿತ್ಸೆ ಆರಂಭಿಸಿದವರಲ್ಲಿ ತಂಗಿಯ ವಯಸ್ಸಿನ ಎಷ್ಟು ಮಂದಿಗೆ ಜೀವಂತ ಮಗು ಹುಟ್ಟಿದೆ ಎಂಬ ಪ್ರಶ್ನೆಯನ್ನು ವೈದ್ಯರಿಗೆ ಅವನೇ ಕೇಳಲಿ ಎಂದಿದ್ದೇನೆ.