ದಾವಣಗೆರೆಯಿಂದ ಕಡಲಿಗೆ: ಗೋಕರ್ಣವೋ, ಮಲ್ಪೆಯೋ, ಮುರುಡೇಶ್ವರವೋ?

ಸಮುದ್ರಕ್ಕೆ ಹೋಗೋಣ ಅಂದ ಕೂಡಲೇ ಮನೆಯಲ್ಲಿ ಮೂರು ಪಕ್ಷ ಆದವು. ತಮ್ಮನಿಗೆ ಗೋಕರ್ಣ, ನನ್ನ ಹೆಂಡತಿಗೆ ಮಲ್ಪೆ, ಅಮ್ಮನಿಗೆ ಮುರುಡೇಶ್ವರ. ಕೊನೆಗೆ ತೀರ್ಪು ಕೊಟ್ಟಿದ್ದು ಅಮ್ಮನ ಮಂಡಿನೋವು ಮತ್ತು ಐದು ವರ್ಷದ ಮಗಳ ಹೊಟ್ಟೆ.

ಗೋಕರ್ಣಕ್ಕೆ ಹಾವೇರಿ, ಶಿರಸಿ ಮೇಲೆ ಹೋಗಿ ದೇವಿಮನೆ ಘಟ್ಟ ಇಳಿಯಬೇಕು. ಓಂ ಬೀಚ್, ಕುಡ್ಲೆ ಎರಡೂ ಚೆಂದ. ಆದರೆ ಗಾಡಿ ಮೇಲೆ ಬಿಟ್ಟು ಕೆಳಗಿಳಿಯಬೇಕು, ಬಿಸಿಲಲ್ಲಿ ಮತ್ತೆ ಹತ್ತಬೇಕು. ಹಾಫ್ ಮೂನ್, ಪ್ಯಾರಡೈಸ್‌ಗಂತೂ ಗುಡ್ಡದ ಕಾಲುದಾರಿ, ಇಲ್ಲವೇ ದೋಣಿ. ಬರೀ ಹುಡುಗರಾದರೆ ಯೋಚನೆ ಮಾಡದೆ ಅಲ್ಲಿಗೇ ಹೋಗಿ. ಮಲ್ಪೆಗೆ ಆಗುಂಬೆ ದಾರಿ. ಆ ತಿರುವುಗಳ ಹೆಸರೆತ್ತಿದರೇ ಮಗಳ ಮುಖ ಬಾಡುತ್ತೆ. ಸೇಂಟ್ ಮೇರೀಸ್ ದ್ವೀಪ ನೋಡುವ ಆಸೆಯಿದ್ದರೆ ಮಳೆಗಾಲದಲ್ಲಿ ಹೋಗಬೇಡಿ, ದೋಣಿ ಬಿಡುವುದಿಲ್ಲ.

ಹಾಗಾಗಿ ಜನವರಿಯಲ್ಲಿ ಬೆಳಗಿನ ಐದಕ್ಕೆ ಮುರುಡೇಶ್ವರಕ್ಕೇ ಹೊರಟೆವು. ಹೊನ್ನಾಳಿ, ಶಿವಮೊಗ್ಗ, ಸಾಗರ, ಹೊನ್ನಾವರ. ತಿಂಡಿ, ಚಹಾ ಎಲ್ಲ ಸೇರಿ ಏಳು ತಾಸು. ಗೇರುಸೊಪ್ಪ ಘಟ್ಟದಲ್ಲೂ ಮಗಳು ವಾಂತಿ ಮಾಡಿಕೊಂಡಳು, ಸುಳ್ಳು ಹೇಳಲಾರೆ.

ಮುರುಡೇಶ್ವರದಲ್ಲಿ 20 ಅಂತಸ್ತಿನ ರಾಜಗೋಪುರಕ್ಕೆ ಲಿಫ್ಟ್ ಇದೆ. ಮೇಲಿನ ಕಿಂಡಿಯಿಂದ 123 ಅಡಿ ಶಿವ, ಅವನ ಹಿಂದೆ ನೀರೇ ನೀರು. ಅಮ್ಮ ಕಂಬಿ ಹಿಡಿದು ನಿಂತವರು ಕದಲಲೇ ಇಲ್ಲ. ಬೀಚ್ ಮಾತ್ರ ನನಗೆ ಹಿಡಿಸಲಿಲ್ಲ, ಜಾತ್ರೆಯಂಥ ಜನ. ನೀರಿಗಿಳಿಯುವ ಮುಂಚೆ ಜೀವರಕ್ಷಕರ ಮಾತು ಕೇಳಿ; 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಇಲ್ಲೇ ಮುಳುಗಿ ಸತ್ತರು.

ಮಕ್ಕಳನ್ನು ಆಡಿಸಲು ಹೊನ್ನಾವರದ ಹತ್ತಿರದ ಕಾಸರಕೋಡಿಗೆ ಬನ್ನಿ. 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕ ಬೀಚ್, ಚೊಕ್ಕಟವಾಗಿದೆ. ಪಕ್ಕದಲ್ಲೇ ಕಾಂಡ್ಲಾವನದ (ಉಪ್ಪುನೀರಲ್ಲಿ ಬೆಳೆಯುವ ಮ್ಯಾಂಗ್ರೋವ್ ಕಾಡು) ನಡುವೆ ಹಲಗೆ ಹಾಸಿದ ದಾರಿ; ಅಮ್ಮನೂ ಆರಾಮಾಗಿ ನಡೆದರು. ಒಂದು ರಾತ್ರಿ ಇಲ್ಲೇ ಉಳಿಯಬೇಕಿತ್ತು ಅನ್ನಿಸಿತು.

ರೂಮನ್ನು ಫೋಟೋ ನೋಡಿ ಬುಕ್ ಮಾಡಬೇಡಿ. ನಮ್ಮ ಲಾಡ್ಜಿನ 'ಸೀ ವ್ಯೂ' ಕಿಟಕಿ ತೆಗೆದರೆ ಕಂಡಿದ್ದು ಪಕ್ಕದ ಕಟ್ಟಡದ ಸಿಂಟೆಕ್ಸ್ ಟ್ಯಾಂಕು. ಊಟಕ್ಕೆ ಕುಚಲಕ್ಕಿ ಸೇರದಿದ್ದರೆ ಬೆಳ್ತಿಗೆ (ಬಿಳಿ ಅಕ್ಕಿ) ಅನ್ನ ಕೇಳಿ. ಊರಿಂದ ಮಂಡಕ್ಕಿ ಒಯ್ದರೆ ಡಬ್ಬಿಯಲ್ಲಿಡಿ. ನಾವು ಚೀಲದ ಬಾಯಿ ಕಟ್ಟದೆ ಮಲಗಿದ್ದೆವು, ಬೆಳಿಗ್ಗೆ ನೋಡಿದರೆ ಒದ್ದೆ ಹತ್ತಿ.

ವಾಪಸ್ ಬರುವಾಗ ಜೋಗ ನೋಡಲೇಬೇಕು ಅಂತ ತಮ್ಮ ಹಠ ಹಿಡಿದ. ಬಂಡೆಯ ಮೇಲೆ ದಾರದಂತೆ ನೀರಿಳಿಯುತ್ತಿತ್ತು. ಅಮ್ಮ ಕಾರಿಂದ ಇಳಿಯದೆ, 'ಇದಕ್ಕಿಂತ ನಮ್ಮ ಭದ್ರಾ ನಾಲೆನೇ ವಾಸಿ ಕಣೋ' ಅಂದರು.