ಯಾವ್ದು ಮೊದ್ಲು ಮಾಡಿಸ್ಲಿ ಮೇಡಂ?

ಮಂಡ್ಯದ ಒಂದು ಸಣ್ಣ ಕೇಂದ್ರದಲ್ಲಿ ನಾನು ಸ್ಪೀಚ್ ಥೆರಪಿ ಮಾಡುತ್ತೇನೆ. ಪಾಂಡವಪುರ ಕಡೆಯಿಂದ ಬರುವ ಒಬ್ಬ ತಾಯಿ ಒಂದು ದಿನ ಪ್ಲಾಸ್ಟಿಕ್ ಕವರಿನಿಂದ ಮೂರು ಹಾಳೆ ತೆಗೆದು ನನ್ನ ಮುಂದಿಟ್ಟರು, ಮಗನಿಗೆ ಮನೆಯಲ್ಲಿ ಮಾಡಿಸಬೇಕಾದ ಅಭ್ಯಾಸಗಳ ಹಾಳೆ. ಒಂದು ನಾನು ಬರೆದುಕೊಟ್ಟಿದ್ದು, ಒಂದು ಫಿಸಿಯೋ ಅವರದು, ಇನ್ನೊಂದು ಸ್ಪೆಷಲ್ ಟೀಚರ್‌ದು. ಮೂರರಲ್ಲೂ ಅರ್ಧರ್ಧ ಗಂಟೆ, ದಿನಕ್ಕೆ ಎರಡು ಸಲ. ಹಾಲು ಕರೆದು ಡೈರಿಗೆ ಹಾಕಿ, ಅಡುಗೆ ಮುಗಿಸಿ, ಮಗನನ್ನು ಎತ್ತಿಕೊಂಡು ಬಸ್ ಹತ್ತುವ ಹೆಂಗಸು ಅವರು. "ಇದ್ರಲ್ಲಿ ಯಾವ್ದು ಮೊದ್ಲು ಮಾಡಿಸ್ಲಿ ಮೇಡಂ?" ಅಂದರು.

ನನಗೆ ಉತ್ತರ ಗೊತ್ತಿರಲಿಲ್ಲ. ಮೂವರೂ ಒಂದೇ ಮಗುವನ್ನು ನೋಡುತ್ತಿದ್ದೆವು, ಅವನ ಬಗ್ಗೆ ಒಂದು ದಿನವೂ ಕೂತು ಮಾತಾಡಿರಲಿಲ್ಲ.

ಆ ಶನಿವಾರ ಕೂತೆವು, ತಾಯಿಯನ್ನೂ ಕೂರಿಸಿಕೊಂಡೆವು. ಹುಡುಗ ಕುರ್ಚಿಯಲ್ಲಿ ಎರಡು ನಿಮಿಷ ನಿಲ್ಲಲ್ಲ, ಜಾರಿ ಇಳಿದುಬಿಡುತ್ತಾನೆ, ಮಾತಿನ ಕಡೆ ಗಮನವೇ ಇಲ್ಲ ಅಂತ ನಾನು ಹೇಳಿದೆ. ಫಿಸಿಯೋ ಬಗ್ಗಿ ಅವನ ಕಾಲು ನೋಡಿದರು. ನೆಲ ಮುಟ್ಟುತ್ತಿರಲಿಲ್ಲ, ಸುಮ್ನೆ ನೇತಾಡುತ್ತಿದ್ದವು. "ಮನೇಲಿ ಊಟಕ್ಕೆ ಕೂತಾಗ ಕಾಲ್ಕೆಳಗೆ ಮಣೆ ಇಡ್ತೀನಿ, ಆಗ ಕೂರ್ತಾನೆ" ಅಂದರು ತಾಯಿ. ಇಷ್ಟು ತಿಂಗಳು ನಾವ್ಯಾರೂ ಅವರನ್ನು ಇದನ್ನು ಕೇಳಿರಲೇ ಇಲ್ಲ! ಮಣೆ ಇಟ್ಟೆವು, ಅವತ್ತು ಹತ್ತು ನಿಮಿಷ ಕೂತ.

ಹೀಗೆ ಒಟ್ಟಿಗೆ ಕೂತು ಕೆಲಸ ಮಾಡೋದನ್ನು ಕಲಿಸೋಕೆ ಅಮೆರಿಕದಲ್ಲಿ ಲೆಂಡ್ (LEND) ಅಂತ ಒಂದು ತರಬೇತಿ ಇದೆ, ಬೆಳವಣಿಗೆಯಲ್ಲಿ ತೊಂದರೆ ಇರುವ ಮಕ್ಕಳ ಜೊತೆ ಕೆಲಸ ಮಾಡುವವರಿಗೆ. ಡಾಕ್ಟರು, ಥೆರಪಿಸ್ಟು, ಸಮಾಜ ಕಾರ್ಯದವರು ಎಲ್ಲಾ ಒಟ್ಟಿಗೆ ಕಲಿಯುತ್ತಾರೆ, ದೀರ್ಘ ತರಬೇತಿ ಅಂದರೆ ಕನಿಷ್ಠ 300 ಗಂಟೆ. ನನಗೆ ತುಂಬಾ ಹಿಡಿಸಿದ್ದು, ಅಂಥ ಮಕ್ಕಳ ಮನೆಯವರೂ ಅಲ್ಲಿ ತರಬೇತಿಗೆ ಸೇರಬಹುದು, ಅಂಗವೈಕಲ್ಯ ಇರುವವರೂ ಸೇರಬಹುದು.

ನಮ್ಮಲ್ಲಿ ಜನ ಇಲ್ಲ ಅಂತಲ್ಲ. ಮೈಸೂರಿನ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಜಿಲ್ಲಾ ಮಟ್ಟದ ಕೇಂದ್ರಗಳಿಗೆ ಮಕ್ಕಳ ಡಾಕ್ಟರು, ಫಿಸಿಯೋ, ಮನಃಶಾಸ್ತ್ರಜ್ಞರು, ಸ್ಪೆಷಲ್ ಟೀಚರು ಎಲ್ಲರೂ ಒಂದೇ ಸೂರಿನಡಿ ಇರಬೇಕು ಅಂತಲೇ ಯೋಜನೆ ಇದೆ. ಆದರೆ ಒಂದೇ ಸೂರಿನಡಿ ಇದ್ದರೆ ಸಾಕಾ? ಇನ್ನೊಬ್ಬರ ಕೆಲಸ ಕೇಳಿಸಿಕೊಳ್ಳೋದು, ನನ್ನ ಅರ್ಧ ಗಂಟೆ ಬಿಟ್ಟುಕೊಡೋದು, ತಾಯಿ ಹೇಳಿದ್ದನ್ನು ಮೊದಲು ಬರೆದುಕೊಳ್ಳೋದು, ಇದನ್ನೂ ಕಲಿಸಬೇಕು ಅಲ್ವಾ? ಕಾಲೇಜಿನಲ್ಲಿ ನನಗೆ ಯಾರೂ ಕಲಿಸಲಿಲ್ಲ.

ಈಗ ನಾವು ತಿಂಗಳ ಮೊದಲ ಶನಿವಾರ ಕೂರುತ್ತೇವೆ. ಆ ತಾಯಿಯ ಹತ್ತಿರ ಮೂರು ಹಾಳೆ ಹೋಗಿ ಒಂದಾಗಿದೆ, ಹಾಲು ಕರೆಯೋ ಹೊತ್ತು ಬಿಟ್ಟು ಬರೆದಿದ್ದು. ಮುಂದಿನ ಸಲ ಹೊಸದಾಗಿ ಬಂದಿರುವ ಇಬ್ಬರು ಟೀಚರ್‌ಗಳಿಗೆ ಮಗನ ವಿಷಯ ಅವರೇ ಹೇಳಿಕೊಡುತ್ತಾರೆ.